ರಾತ್ರಿ ಕಂಡ ಬೆಳಕಿನ ಬೆನ್ನು ಹತ್ತುವುದು ಹೇಗೆ: ನೋಡಿದವರಿಗೆ, ಕೇಳಿ ಬರೆದುಕೊಳ್ಳುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಲಡಾಖಿನ ಪ್ಯಾಂಗಾಂಗ್ ಸರೋವರದ ಸೀಮೆಯಲ್ಲಿ ಕಾವಲಿದ್ದ ನಮ್ಮ ಸೈನಿಕರು 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಆಕಾಶದಲ್ಲಿ ಗುರುತು ಸಿಗದ ಬೆಳಕು ಕಂಡಿತೆಂದು 329 ಸಲ ಬರೆದಿಟ್ಟರು. ಅದರಲ್ಲಿ 155 ಸಲ ಅದು ವಾಸ್ತವ ನಿಯಂತ್ರಣ ರೇಖೆ ದಾಟಿ ಈಚೆಗೆ ಬಂದಿತ್ತು ಎನ್ನುವುದು ಅವರ ಲೆಕ್ಕ. ಆಚೆಯ ಚೀನಾದವರ ಡ್ರೋನ್ ಇರಬೇಕೆಂಬ ಅನುಮಾನ ಇದ್ದೇ ಇತ್ತು. ಪ್ರಶ್ನೆ ಕೊನೆಗೆ ಬಂದು ಮುಟ್ಟಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ. ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಇಟ್ಟಿರುವ ಸಂಸ್ಥೆಯೂ ಅದೇ. ಅಲ್ಲಿನವರು ಹೊಂದಿಸಿ ನೋಡಿ ಹೇಳಿದರು: ಒಂದು ಗುರು, ಇನ್ನೊಂದು ಶುಕ್ರ.

ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. 4,000 ಮೀಟರಿಗೂ ಎತ್ತರದ ತೆಳುಗಾಳಿಯಲ್ಲಿ, ಸುತ್ತ ಒಂದು ದೀಪವೂ ಇಲ್ಲದ ಕತ್ತಲಲ್ಲಿ ಗ್ರಹವೊಂದು ಹೇಗೆ ಉರಿಯುತ್ತದೆ ಎಂಬುದು ಪೇಟೆಯಲ್ಲಿ ಬೆಳೆದವರ ಅಂದಾಜಿಗೆ ಸಿಗುವುದಿಲ್ಲ. ಆ ಚಳಿಗಾಲ ಗುರು ವೃಷಭ ರಾಶಿಯಲ್ಲಿದ್ದ. ಡಿಸೆಂಬರ್ ಮೊದಲ ವಾರ ಸೂರ್ಯನಿಗೆ ನೇರ ಎದುರಾಗಿ ರಾತ್ರಿಯಿಡೀ ಬೆಳಗುತ್ತಿದ್ದ. ಸೈನಿಕರ ಕಣ್ಣು ಸುಳ್ಳು ಹೇಳಿರಲಿಲ್ಲ, ಬೆಳಕು ಅಲ್ಲಿತ್ತು. ತಪ್ಪಿದ್ದು ದೂರದ ಅಂದಾಜು. ಕಂಡದ್ದನ್ನೆಲ್ಲ ಬಿಡದೆ ಬರೆದಿಟ್ಟಿದ್ದರಿಂದಲೇ ಸಾವಿರಾರು ಕಿಲೋಮೀಟರ್ ದೂರದ ಬೆಂಗಳೂರಿನವರು ಉತ್ತರ ಕೊಡಲು ಸಾಧ್ಯವಾಯಿತು.

ಈ ಬರಹದ ತಿರುಳೆಲ್ಲ ಅದೇ. ಬೆಳಕು ಕಂಡವರಲ್ಲಿ ಬಹುಪಾಲು ಜನ ಪ್ರಾಮಾಣಿಕರು. ಅವರ ಮಾತಿನಲ್ಲಿ ಕಂಡದ್ದೂ ಇರುತ್ತದೆ, ಅಂದುಕೊಂಡದ್ದೂ ಇರುತ್ತದೆ; ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಮೆಲ್ಲಗೆ ಬಿಡಿಸಿಡುವುದೇ ನಮ್ಮ ಕೆಲಸ. ಚಿತ್ರದುರ್ಗದ ಬಯಲುಸೀಮೆಯಲ್ಲಿ ಹತ್ತಾರು ವರ್ಷ ಹವ್ಯಾಸಕ್ಕೆ ಆಕಾಶ ನೋಡುತ್ತ, ಇಂಥ ಮಾತುಗಳನ್ನು ಕೇಳಿ ಬರೆದುಕೊಳ್ಳುತ್ತ ಬಂದವನು ನಾನು. ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಬೆಳಕು ನಿಮ್ಮ ಕಣ್ಣಿಗೇ ಬಿದ್ದಾಗ

ಮೊದಲು ಗಂಟೆ ನೋಡಿ. ಕ್ಯಾಮೆರಾ ಆಮೇಲೆ. ಫೋನಿನಲ್ಲಿ ಚಿತ್ರ ಬರದೆ ಹೋದರೂ ಚಿಂತೆಯಿಲ್ಲ; ನಿಮಿಷ ತಪ್ಪಿಹೋದರೆ ಮುಂದಿನ ಹುಡುಕಾಟವೆಲ್ಲ ಕುಂಟುತ್ತದೆ.

ಆಮೇಲೆ ಅಲ್ಲಾಡದೆ ನಿಂತು, ಬೆಳಕನ್ನು ವಿದ್ಯುತ್ ಕಂಬದ ಅಥವಾ ಗೋಡೆಯ ಅಂಚಿಗೆ ಹೊಂದಿಸಿ ನೋಡಿ. ಹೀಗೇಕೆ ಎಂದರೆ, ಸುತ್ತ ಕತ್ತಲಿದ್ದು ಒಂದೇ ಒಂದು ಚುಕ್ಕೆಯನ್ನು ದಿಟ್ಟಿಸಿದರೆ ನಿಂತ ಚುಕ್ಕೆಯೂ ಅತ್ತಿತ್ತ ಓಲಾಡಿದಂತೆ ಕಾಣುತ್ತದೆ. ಎಲ್ಲರ ಕಣ್ಣೂ ಹೀಗೆಯೇ. 1799ರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನಂಥ ಪಳಗಿದ ವಿಜ್ಞಾನಿಯೇ ನಕ್ಷತ್ರಗಳು ತೂಗಾಡುತ್ತಿವೆ ಎಂದು ಬರೆದುಕೊಂಡಿದ್ದ. ನಕ್ಷತ್ರ ತೂಗಲಿಲ್ಲ, ಅವನ ನೋಟ ತೂಗಿತ್ತು. ಕಂಬದ ಅಂಚು ಪಕ್ಕದಲ್ಲಿದ್ದರೆ ಈ ಭ್ರಮೆ ನಿಲ್ಲುತ್ತದೆ. ಬೆಳಕು ನಿಜವಾಗಿ ಸರಿಯುತ್ತಿದ್ದರೆ ಅದೂ ತಿಳಿಯುತ್ತದೆ.

ಪಕ್ಕದವರನ್ನು ಕರೆಯಿರಿ, ಹೆಸರಿಟ್ಟು ಕರೆಯಬೇಡಿ. "ಡ್ರೋನ್ ಬಂದಿದೆ ನೋಡು ಬಾ" ಎಂದಿರೋ, ಬಂದವರಿಗೆ ಡ್ರೋನೇ ಕಾಣುತ್ತದೆ. "ಅಲ್ಲೇನೋ ಇದೆ, ನೋಡು" ಎಂದರೆ ಸಾಕು.

ಚಿತ್ರ ತೆಗೆಯುವುದಾದರೆ ಫೋನನ್ನು ಗೋಡೆಗೋ ಗಾಡಿಯ ಸೀಟಿಗೋ ಒರಗಿಸಿ. ಚೌಕಟ್ಟಿನಲ್ಲಿ ಒಂದು ಮರವೋ ಮನೆಯ ಮಾಳಿಗೆಯೋ ಬರಲಿ. ಜೂಮ್ ಮಾಡಲೇಬೇಡಿ. ಜೂಮ್ ಮಾಡಿದ ಫೋನು ಚುಕ್ಕೆಗೆ ಫೋಕಸ್ ಹಿಡಿಯಲಾರದೆ ಅದನ್ನು ಹಿಗ್ಗಿಸಿ ಬಿಲ್ಲೆಯಂತೆ ಮಾಡಿಬಿಡುತ್ತದೆ. "ದುಂಡಗಿನ ಹಾರುವ ತಟ್ಟೆ"ಯ ವಿಡಿಯೋಗಳಲ್ಲಿ ಹಲವು ಹುಟ್ಟುವುದು ಹೀಗೆ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿಯಲ್ಲಿ ತೆಗೆದ ಹೊತ್ತು, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ, ಚಿತ್ರವೂ ಕುಗ್ಗಿರುತ್ತದೆ.

ಬೆಳಕು ಮರೆಯಾದ ಮೇಲೆ ಯಾರೊಡನೆಯೂ ಚರ್ಚೆ ಮಾಡುವ ಮುಂಚೆ ಬರೆಯಿರಿ. ಹತ್ತು ಸಾಲು ಸಾಕು.

ಬೇರೆಯವರು ಕಂಡದ್ದನ್ನು ಕೇಳುವಾಗ

ಇಲ್ಲಿ ಅವಸರ ಸಲ್ಲದು. ಈ ಕೆಲಸದಲ್ಲಿ ಹೆಚ್ಚು ಕೆಡುವುದು ಇಲ್ಲಿಯೇ.

ಒಮ್ಮೆ ಒಂದು ಹಳ್ಳಿಯಲ್ಲಿ ಮೂವರನ್ನು ಒಂದೇ ಜಗಲಿಯ ಮೇಲೆ ಕೂರಿಸಿ ಕೇಳಿದೆ. ಮೊದಲನೆಯವರು "ಮೂರು ದೀಪ" ಎಂದರು. ಎರಡನೆಯವರು ಒಂದೇ ಎಂದು ಶುರು ಮಾಡಿ, ಮಾತು ಮುಗಿಸುವ ಹೊತ್ತಿಗೆ ಮೂರಕ್ಕೆ ಬಂದಿದ್ದರು. ಮೂರನೆಯವರು ಮೂರು ದೀಪ ತ್ರಿಕೋನದಲ್ಲಿದ್ದವು ಎಂದರು. ಯಾರೂ ಸುಳ್ಳು ಹೇಳಲಿಲ್ಲ. ನಾನೇ ಅವರ ನೆನಪುಗಳನ್ನು ಬೆರೆಸಿಬಿಟ್ಟಿದ್ದೆ, ಆ ಮೇಲೆ ಬಿಡಿಸಲು ಆಗಲೇ ಇಲ್ಲ. ಮುಜಾಫರ್ ಶೆರೀಫ್ ಎಂಬ ಮನಶ್ಶಾಸ್ತ್ರಜ್ಞ 1935ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸುತ್ತದೆ. ಕತ್ತಲ ಕೋಣೆಯಲ್ಲಿ ಅಲುಗದೆ ನಿಂತ ಒಂದು ಬೆಳಕಿನ ಚುಕ್ಕೆ, ಅದು ಎಷ್ಟು ಸರಿಯಿತೆಂದು ಹೇಳಬೇಕು. ಒಬ್ಬೊಬ್ಬರಾಗಿ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಅಂದಾಜು; ಗುಂಪಿನಲ್ಲಿ ಕೂತಾಗ ಎಲ್ಲರ ಅಂದಾಜೂ ಒಂದೇ ಕಡೆಗೆ ಬಂದು ಸೇರುತ್ತಿತ್ತು. ಆದ್ದರಿಂದ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ, ಸಾಧ್ಯವಾದರೆ ಅದೇ ದಿನ.

ಒಪ್ಪಿಗೆ ಪಡೆದು ಫೋನಿನಲ್ಲಿ ದನಿ ದಾಖಲಿಸಿಕೊಳ್ಳಿ. ಮೊದಲ ಪ್ರಶ್ನೆ ಒಂದೇ ಇರಲಿ: "ಅವತ್ತು ಮನೆಯಿಂದ ಹೊರಟಲ್ಲಿಂದ ಶುರು ಮಾಡಿ, ನೆನಪಿದ್ದದ್ದೆಲ್ಲ ಹೇಳಿ." ಮಧ್ಯೆ ಬಾಯಿ ಹಾಕಬೇಡಿ. ಅವರು ಮೌನವಾದರೆ ನೀವೂ ಸುಮ್ಮನಿರಿ. ಆ ಮೌನದ ಆಚೆಗೆ ಒಳ್ಳೆಯ ವಿವರಗಳು ಬರುತ್ತವೆ. ಪೊಲೀಸ್ ವಿಚಾರಣೆಗೆಂದು ಎಡ್ವರ್ಡ್ ಗೈಸಲ್ಮನ್ ಮತ್ತು ರೊನಾಲ್ಡ್ ಫಿಶರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ರೂಪಿಸಿದ ವಿಧಾನ ನಮಗೂ ಒದಗುತ್ತದೆ. ಮನಸ್ಸಿನಲ್ಲೇ ಆ ಜಾಗಕ್ಕೆ ಮರಳಿ ಹೋಗಲು ಹೇಳುವುದು, ಕ್ಷುಲ್ಲಕ ಅನ್ನಿಸಿದ್ದನ್ನೂ ಬಿಡದೆ ಹೇಳಿಸುವುದು, ಕೊನೆಯಿಂದ ಹಿಂದಕ್ಕೆ ಇನ್ನೊಮ್ಮೆ ಹೇಳಿಸುವುದು. ಹಿಂದಕ್ಕೆ ಹೇಳುವಾಗ ಕಟ್ಟಿದ ಕಥೆಯ ಓಟ ತಪ್ಪಿ, ಕಂಡ ತುಣುಕುಗಳು ಮೇಲೆ ಬರುತ್ತವೆ. "ಚಳಿ ಇತ್ತಾ? ನಾಯಿ ಬೊಗಳ್ತಿತ್ತಾ? ಕೈಯಲ್ಲಿ ಏನಿತ್ತು?" ಇಂಥ ಮಾತುಗಳಿಂದ ನೆನಪು ಕದಲುತ್ತದೆ.

ಪ್ರಶ್ನೆಯ ಒಂದೊಂದು ಪದವನ್ನೂ ತೂಗಿ ಆಡಬೇಕು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದೇ ತುಣುಕನ್ನು ತೋರಿಸಿ, ಕೆಲವರಿಗೆ "ಡಿಕ್ಕಿ ಹೊಡೆದಾಗ" ಎಂದೂ ಕೆಲವರಿಗೆ "ಅಪ್ಪಳಿಸಿ ಜಜ್ಜಿದಾಗ" ಎಂದೂ ಕೇಳಿದರು. ವಾರದ ನಂತರ "ಒಡೆದ ಗಾಜು ಕಂಡಿತಾ" ಎಂದಾಗ, ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರು. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಹಾಗಾಗಿ "ಅದು ಎಷ್ಟು ವೇಗವಾಗಿ ಹಾರಿತು?" ಎಂದು ಕೇಳಬೇಡಿ, ಹಾರಿತು ಎಂದು ಹೇಳಿದವರು ಯಾರು? "ಆಮೇಲೆ ಬೆಳಕು ಏನಾಯ್ತು?" ಎಂದು ಕೇಳಿ.

ನವರಾತ್ರಿಯ ಹೊತ್ತಿನಲ್ಲಿ ಒಬ್ಬ ರೈತರು ಫೋನ್ ಮಾಡಿದ್ದರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋದವರು. ಅವರ ಮಾತನ್ನು ಇದ್ದಂತೆಯೇ ಬರೆದುಕೊಂಡಿದ್ದೆ (ಫ್ಯಾನಿನ ಗುಡ್ಡ ಎಂದರೆ ಗಾಳಿಯಂತ್ರಗಳಿರುವ ಗುಡ್ಡ):

"ಫ್ಯಾನಿನ ಗುಡ್ಡ ಐತಲ್ಲ ಸಾ, ಅದರ ಮ್ಯಾಲೆ ನಿಂತಿತ್ತು. ಒಂದು ಗಳಿಗೆ ಕೆಂಪು, ಒಂದು ಗಳಿಗೆ ಹಸ್ರು, ನೀಲಿ. ಕಳ್ರು ಡ್ರೋನ್ ಬಿಟ್ಟವ್ರೆ ಅಂತ ಊರಾಗೆಲ್ಲ ಮಾತು."

"ಡ್ರೋನ್ ಮಾತು ಇರ್ಲಿ ಅಣ್ಣ. ಸದ್ದು ಏನಾದ್ರೂ ಕೇಳಿಸ್ತಾ?"

"ಇಲ್ಲ ಸಾ. ಮೋಟರ್ ಹಾಕಿ ಬಂದು ನೋಡ್ತೀನಿ, ವಸಿ ಮೇಲಕ್ಕೆ ಹೋಗೈತೆ."

"ನೇರ ಮೇಲಕ್ಕಾ?"

"ಬಲಗಡೆಗೆ ವಾಲ್ಕಂಡು."

ಈ ನಾಲ್ಕು ಮಾತಿನಲ್ಲಿ ಬೇಕಾದದ್ದೆಲ್ಲ ಇದೆ. ಡ್ರೋನ್ ಎಂಬುದು ಊರಿನ ಮಾತು. ನಿಂತಿತ್ತು, ಬಣ್ಣ ಮಿನುಗುತ್ತಿತ್ತು, ನಿಧಾನಕ್ಕೆ ಬಲಕ್ಕೆ ವಾಲಿಕೊಂಡು ಮೇಲೇರಿತು ಎಂಬುದು ಅವರ ಕಣ್ಣಿನದು. ಪುಸ್ತಕದ ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅಂದುಕೊಂಡದ್ದು ಎಂದು ಎರಡು ಸಾಲು ಮಾಡಿ ಬರೆದುಕೊಳ್ಳುವುದು ನನ್ನ ರೂಢಿ. ಬಲಪುಟವನ್ನೂ ಹರಿಯಬೇಡಿ, ಅದೂ ಸಾಕ್ಷಿಯ ಮಾತೇ.

ನೋಡಿದ ಜಾಗಕ್ಕೇ ಹೋಗಿ

ಮನೆಯಲ್ಲಿ ಕೂತು ಪಡೆದ ಮಾತು ಅರ್ಧ. ಅವರು ನಿಂತಿದ್ದ ಜಾಗದಲ್ಲೇ ಅವರನ್ನು ನಿಲ್ಲಿಸಿ, ಸಾಧ್ಯವಾದರೆ ರಾತ್ರಿ ಅದೇ ಹೊತ್ತಿಗೆ, "ಎಲ್ಲಿತ್ತು, ಕೈ ತೋರಿಸಿ" ಎನ್ನಿ. ಅವರ ಬೆರಳಿನ ನೇರಕ್ಕೆ ನಿಂತು ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ನೋಡಿ. ಬೈಕು, ಪಂಪಿನ ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿ ತಪ್ಪುತ್ತದೆ, ನಾಲ್ಕು ಹೆಜ್ಜೆ ದೂರ ಸರಿಯಿರಿ.

ಎತ್ತರವನ್ನು ಅಡಿ, ಮೀಟರ್‌ನಲ್ಲಿ ಕೇಳಲೇಬೇಡಿ. ರಾತ್ರಿ ಆಕಾಶದ ಬೆಳಕಿಗೆ ದೂರ ಗೊತ್ತಿಲ್ಲ, ದೂರ ಗೊತ್ತಿಲ್ಲದೆ ಎತ್ತರವೂ ಗಾತ್ರವೂ ವೇಗವೂ ಯಾರಿಗೂ ತಿಳಿಯಲಾರವು. ತಿಳಿಯುವುದು ಕೋನ ಮಾತ್ರ. "ಎರಡು ತೆಂಗಿನಮರದ ಎತ್ತರದಲ್ಲಿತ್ತು" ಎಂದರೆ ಕೆಲವರು ಆ ಮಾತನ್ನು ತಳ್ಳಿಹಾಕುತ್ತಾರೆ. ನನಗೆ ಅದು ಚಿನ್ನದಂಥ ಮಾಹಿತಿ. ಯಾವ ತೆಂಗಿನಮರ, ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಿದರೆ ಕೋನ ಕೈಗೆ ಬಂದಂತೆ.

ಅಳೆಯಲು ಕೈಯೇ ಸಾಕು. ತೋಳು ಪೂರ್ತಿ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮುಷ್ಟಿ ಸುಮಾರು 10 ಡಿಗ್ರಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು 20 ಡಿಗ್ರಿಗೂ ತುಸು ಹೆಚ್ಚು. ಇನ್ನೂ ಕರಾರುವಾಕ್ಕಾಗಿ ಬೇಕಾದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನಡುವಿಗೆ ದಾರ ಕಟ್ಟಿ, ದಾರಕ್ಕೊಂದು ಕಲ್ಲು ಕಟ್ಟಿ, ಅದರ ನೇರ ಅಂಚಿನಲ್ಲಿ ಕಣ್ಣಿಟ್ಟು ನೋಡಿ. ಅಂಚು ಅಡ್ಡಕ್ಕೆ ಮಟ್ಟವಾಗಿದ್ದಾಗ ದಾರ 90ರ ಮೇಲೆ ಇರುತ್ತದೆ. ಬೆಳಕಿನ ಕಡೆಗೆ ಎತ್ತಿದಾಗ ದಾರ 90ರಿಂದ ಎಷ್ಟು ಸರಿಯಿತೋ ಅದೇ ಎತ್ತರದ ಕೋನ.

ಗಾತ್ರಕ್ಕೂ ಒಂದು ಉಪಾಯ ಇದೆ. ಜನ "ಊಟದ ತಟ್ಟೆಯಷ್ಟಿತ್ತು" ಎನ್ನುತ್ತಾರೆ. ಎಷ್ಟು ದೂರದಲ್ಲಿಟ್ಟ ತಟ್ಟೆ? ತೋಳು ಚಾಚಿ ಹಿಡಿದ ಒಂದು ತೊಗರಿಕಾಳು ಹುಣ್ಣಿಮೆಯ ಚಂದ್ರನನ್ನು ಮುಚ್ಚಿಬಿಡುತ್ತದೆ. ನಂಬಿಕೆ ಬಾರದಿದ್ದರೆ ಮುಂದಿನ ಹುಣ್ಣಿಮೆಗೆ ಹಿಡಿದು ನೋಡಿ. ಹಾಗಾಗಿ ಸಾಸಿವೆ, ತೊಗರಿ, ಹುಣಸೆಬೀಜಗಳನ್ನು ಒಂದು ಪೊಟ್ಟಣದಲ್ಲಿ ಒಯ್ಯುತ್ತೇನೆ. "ಇದನ್ನು ಹಿಡಿದಿದ್ರೆ ಬೆಳಕು ಮುಚ್ಚಿಹೋಗ್ತಿತ್ತಾ?" ಎಂದಾಗ ತಟ್ಟೆಯಷ್ಟಿದ್ದದ್ದು ಎಷ್ಟೋ ಸಲ ಸಾಸಿವೆಗೆ ಇಳಿಯುತ್ತದೆ, ಹೇಳುವವರಿಗೂ ಅಚ್ಚರಿಯಾಗುತ್ತದೆ.

ತಾರೀಕು, ಹೊತ್ತು ಖಚಿತ ಮಾಡಿಕೊಳ್ಳಿ

ಅಮೆರಿಕದ ಅಧ್ಯಕ್ಷರಾಗುವ ಮುಂಚೆ ಜಿಮ್ಮಿ ಕಾರ್ಟರ್ ತಾವು ಜಾರ್ಜಿಯಾದ ಲಿಯರಿ ಎಂಬ ಊರಿನಲ್ಲಿ ಕಂಡ ಬೆಳಕಿನ ಬಗ್ಗೆ 1973ರಲ್ಲಿ ವರದಿ ಬರೆದುಕೊಟ್ಟರು. ಕಂಡದ್ದು 1969ರ ಅಕ್ಟೋಬರ್‌ನಲ್ಲಿ ಎಂದು ಬರೆದಿದ್ದರು. ಆಮೇಲೆ ಹುಡುಕಿದಾಗ, ಅವರು ಅವತ್ತು ಭಾಷಣಕ್ಕೆ ಹೋಗಿದ್ದ ಲಯನ್ಸ್ ಕ್ಲಬ್ಬಿನ ದಾಖಲೆಯಲ್ಲಿ ಇದ್ದದ್ದು 1969ರ ಜನವರಿ 6. ಒಂಬತ್ತು ತಿಂಗಳ ವ್ಯತ್ಯಾಸ. ಜನವರಿಯ ಆ ಸಂಜೆ ಪಶ್ಚಿಮದಲ್ಲಿ ಶುಕ್ರ ಉಜ್ವಲವಾಗಿದ್ದ. ಶುಕ್ರನೇ ಎಂದು ಕೆಲವರು, ರಾಕೆಟ್ ಪ್ರಯೋಗದಿಂದ ಬಿಟ್ಟ ಬೇರಿಯಂ ಮೋಡ ಎಂದು ಇನ್ನು ಕೆಲವರು ವಾದಿಸುತ್ತಾರೆ. ಆ ವಾದ ಸಾಧ್ಯವಾದದ್ದೇ ತಾರೀಕು ಸಿಕ್ಕ ಮೇಲೆ.

ನಮ್ಮ ಹಳ್ಳಿಗಳಲ್ಲಿ ಇಂಗ್ಲಿಷ್ ತಾರೀಕು ನೆನಪಿರುವುದಿಲ್ಲ. ಅದರ ಬದಲು ಬೇರೆ ಗಟ್ಟಿ ಗೂಟಗಳಿವೆ. ಅಮಾವಾಸ್ಯೆ ಕಳೆದು ಎಷ್ಟನೇ ದಿನ? ಯಾವ ಊರಿನ ಜಾತ್ರೆ, ಸಂತೆ? ಡೇರಿಗೆ ಹಾಲು ಹಾಕುವ ಮುಂಚೆಯೋ, ಆಮೇಲೋ? ಕೊನೇ ಬಸ್ಸು ಹೋಗಿತ್ತಾ? ಕರೆಂಟ್ ಯಾವ ಪಾಳಿಯಲ್ಲಿತ್ತು? ಆ ಹೊತ್ತಿಗೆ ಯಾರಿಗಾದರೂ ಫೋನ್ ಮಾಡಿದ್ದರೆ ಫೋನಿನ ಕರೆಪಟ್ಟಿಯಲ್ಲಿ ನಿಮಿಷವೂ ಸಿಗುತ್ತದೆ. ಪೆಟ್ರೋಲ್ ಬಂಕು, ಅಂಗಡಿಗಳ ಸಿಸಿಟಿವಿ ಬೇಗ ಅಳಿಸಿಹೋಗುತ್ತದೆ, ಮೊದಲ ವಾರದಲ್ಲೇ ವಿಚಾರಿಸಿ. ಪಂಚಾಂಗ ಕೈಯಲ್ಲಿರಲಿ: ತಿಥಿ ನೋಡಿದರೆ ಚಂದ್ರ ಇದ್ದನೋ ಇಲ್ಲವೋ ತಿಳಿಯುತ್ತದೆ. "ಬೆಳದಿಂಗಳಿತ್ತು" ಎಂದವರ ದಿನ ಅಮಾವಾಸ್ಯೆಗೆ ಬಿದ್ದರೆ ತಾರೀಕು ಮತ್ತೆ ಹುಡುಕಬೇಕು.

ಹೊಂದಿಸಿ ನೋಡುವುದು

ಈಗ ದಿಕ್ಕು, ಕೋನ, ಹೊತ್ತು ಮೂರೂ ಇವೆ. ಮೊದಲ ಜರಡಿ ಎಂದರೆ ಬೆಳಕು ಎಷ್ಟು ಹೊತ್ತು ಇತ್ತು ಎಂಬುದು.

ಗಂಟೆಗಟ್ಟಲೆ ಇದ್ದರೆ ಮೊದಲು ಗ್ರಹ, ನಕ್ಷತ್ರ. ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರು, ತಾರೀಕು, ಗಂಟೆ ತುಂಬಿದರೆ ಅವತ್ತಿನ ಆಕಾಶವೇ ಪರದೆಯ ಮೇಲೆ ಬರುತ್ತದೆ. ಹಳ್ಳಿಯ ಹಿರಿಯರು "ಬೆಳ್ಳಿ ಮೂಡ್ತು" ಎಂದು ಹೊತ್ತು ಹೇಳುತ್ತಿದ್ದರಲ್ಲ, ಆ ಬೆಳ್ಳಿಯೇ ಶುಕ್ರ. ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಸರಿಯುವುದಿಲ್ಲವಾದ್ದರಿಂದ ಅದು ಕಾಣುವುದು ಸಂಜೆ ಪಶ್ಚಿಮದಲ್ಲಿ, ಇಲ್ಲವೇ ಬೆಳಗಿನ ಜಾವ ಪೂರ್ವದಲ್ಲಿ, ಸುಮಾರು ಮೂರು ಗಂಟೆಯ ಒಳಗೆ. ನಡುರಾತ್ರಿ ನೆತ್ತಿಯ ಮೇಲೆ ಕಂಡದ್ದು ಶುಕ್ರನಾಗಲು ಸಾಧ್ಯವಿಲ್ಲ. "ಬಸ್ಸಿನ ಜೊತೆಗೇ ಬರ್ತಿತ್ತು" ಎನ್ನುವುದು ಬಹು ದೂರದ ವಸ್ತುವಿನ ಲಕ್ಷಣ. ಚಂದ್ರನೂ ನಮ್ಮ ಜೊತೆಗೇ ಬರುತ್ತಾನೆ. ಬಣ್ಣ ಬದಲಿಸುತ್ತ ಮಿನುಗುವುದು ದಿಗಂತದ ಹತ್ತಿರದ ನಕ್ಷತ್ರಗಳು, ಅದರಲ್ಲೂ ಎಲ್ಲಕ್ಕಿಂತ ಪ್ರಕಾಶದ ಲುಬ್ಧಕ (ಸಿರಿಯಸ್). ಅದರ ಬಿಳಿ ಬೆಳಕನ್ನು ಗಾಳಿಯ ಪದರಗಳು ಕ್ಷಣಕ್ಷಣಕ್ಕೂ ಬೇರೆ ಬೇರೆಯಾಗಿ ಬಾಗಿಸುವುದರಿಂದ ಕೆಂಪು, ಹಸಿರು, ನೀಲಿ ಸಿಡಿಯುತ್ತವೆ. ನಕ್ಷತ್ರವೋ ಅಲ್ಲವೋ ಎನ್ನಲು ಸೊಗಸಾದ ಪರೀಕ್ಷೆ ಒಂದಿದೆ: ನಕ್ಷತ್ರ ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಮೂಡುತ್ತದೆ, ವಾರಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಯಾವ ಡ್ರೋನೂ ಈ ಲೆಕ್ಕ ಪಾಲಿಸುವುದಿಲ್ಲ.

ನಿಮಿಷಗಟ್ಟಲೆ ಸಮವಾಗಿ ಸಾಗಿದ, ಮಿನುಗದ, ಸದ್ದಿಲ್ಲದ ಚುಕ್ಕೆಯಾದರೆ ಉಪಗ್ರಹ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಐದಾರು ನಿಮಿಷದಲ್ಲಿ ಆಕಾಶ ದಾಟುತ್ತದೆ. ಹೆವನ್ಸ್ ಅಬೋವ್ ಜಾಲತಾಣದಲ್ಲಿ ಹಳೆಯ ದಿನಗಳ ಹಾದಿಯನ್ನೂ ನೋಡಬಹುದು. 2019ರ ಮೇ ತಿಂಗಳಲ್ಲಿ ಮೊದಲ 60 ಸ್ಟಾರ್‌ಲಿಂಕ್ ಉಪಗ್ರಹಗಳು ಹಾರಿದಾಗಿನಿಂದ "ದೀಪದ ರೈಲು" ಕಂಡ ಸುದ್ದಿಗಳು ಹೆಚ್ಚಿವೆ. ಹೊಸದಾಗಿ ಹಾರಿಸಿದ ಕೆಲವು ದಿನ ಅವು ದಾರದಲ್ಲಿ ಪೋಣಿಸಿದಂತೆ ಸಾಲಾಗಿ ಸಾಗುತ್ತವೆ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲು ಅದರ ಮೈಗೆ ತಾಗಿ ನಮಗೆ ಕಾಣುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಕೆಳಗಿಳಿಯುವುದರಿಂದ ಆ ಬಿಸಿಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ: 550 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲೆ ಕಾಣುವುದು ಸೂರ್ಯ ಮುಳುಗಿ ಸುಮಾರು ಒಂದೂವರೆ ಗಂಟೆಯವರೆಗೆ. ಬೆಳಗಿನ ಜಾವಕ್ಕೂ ಇದೇ ಲೆಕ್ಕ. ಆಕಾಶದ ನಡುವೆ ಸಾಗುತ್ತಿದ್ದ ಚುಕ್ಕೆ ತಟ್ಟನೆ ಮಾಯವಾದರೆ ಅದು ಭೂಮಿಯ ನೆರಳಿಗೆ ಹೊಕ್ಕಿದೆ. ಕರ್ನಾಟಕದಲ್ಲಿ ರಾತ್ರಿ ಹನ್ನೆರಡಕ್ಕೆ ನೆತ್ತಿಯ ಮೇಲೆ ಸಮವಾಗಿ ಸಾಗಿದ ಬೆಳಕನ್ನು "ಉಪಗ್ರಹ" ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಕೆಳಸ್ತರದ ಉಪಗ್ರಹಕ್ಕೆ ಆ ಹೊತ್ತಿನಲ್ಲಿ ಬಿಸಿಲೇ ಇಲ್ಲ. ಆಗ ವಿಮಾನವನ್ನು ಹುಡುಕಬೇಕು. ವಿಮಾನದ ಎಡರೆಕ್ಕೆಗೆ ಕೆಂಪು, ಬಲರೆಕ್ಕೆಗೆ ಹಸಿರು, ಜೊತೆಗೆ ಮಿಂಚುವ ಬಿಳಿ ದೀಪ. ನಮ್ಮತ್ತಲೇ ಇಳಿದು ಬರುವ ವಿಮಾನದ ಮುಂದೀಪ ಹಲವು ನಿಮಿಷ ಒಂದೇ ಕಡೆ ನಿಂತಂತೆ ಕಾಣುತ್ತದೆ. ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ಹಾರಾಟದ ಹಾದಿ ಸಿಗುತ್ತದೆ. ಸೇನೆಯ ಎಲ್ಲ ವಿಮಾನಗಳೂ ಅಲ್ಲಿ ತೋರುವುದಿಲ್ಲ.

ಮುಸ್ಸಂಜೆಯಲ್ಲಿ ಬಾಲ ಬಿಟ್ಟು, ಹಿಗ್ಗುತ್ತ, ನೀಲಿಬಿಳಿ ಬೀಸಣಿಗೆಯಂತೆ ಹರಡಿದ ಬೆಳಕಾದರೆ ರಾಕೆಟ್ಟು. 2022ರ ಡಿಸೆಂಬರ್ 15ರ ಸಂಜೆ ಬಂಗಾಳ, ಬಿಹಾರ, ಜಾರ್ಖಂಡ್‌ಗಳಲ್ಲಿ ಸಾವಿರಾರು ಜನ ಇಂಥದ್ದನ್ನು ಕಂಡು ಬೆರಗಾದರು. ಆ ಸಂಜೆಯೇ ಒಡಿಶಾ ಕರಾವಳಿಯಿಂದ ಅಗ್ನಿ-5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು. ನೆಲಕ್ಕೆ ಕತ್ತಲು, ಮೇಲಿನ ಹೊಗೆಗೆ ಬಿಸಿಲು. ಶ್ರೀಹರಿಕೋಟಾದಿಂದ ಬೆಂಗಳೂರು ಸುಮಾರು 300 ಕಿ.ಮೀ. ಭೂಮಿಯ ಬಾಗು ಲೆಕ್ಕ ಹಾಕಿದರೆ ರಾಕೆಟ್ಟು ಏಳೆಂಟು ಕಿ.ಮೀ. ಏರಿದೊಡನೆ ನಮ್ಮ ಪೂರ್ವ ದಿಗಂತದ ಮೇಲೆ ಬಂದಿರುತ್ತದೆ. ಮೋಡ, ಮಬ್ಬು ಇಲ್ಲದಿದ್ದರೆ ಕೋಲಾರದ ಬೆಟ್ಟಗಳ ಮೇಲಿಂದ ರಾತ್ರಿ ಉಡಾವಣೆ ಕಾಣಬಹುದು. ಉಡಾವಣೆಯ ದಿನಪಟ್ಟಿಯನ್ನು ಮೊದಲು ನೋಡಿ. ಬೀದರ್, ಕಲಬುರಗಿ ಕಡೆಯವರು ಇನ್ನೊಂದನ್ನು ನೆನಪಿಡಬೇಕು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ, ಅದರ ಬಲೂನುಗಳು 30 ಕಿ.ಮೀ. ಆಚೆಗೂ ಏರುತ್ತವೆ. ಸೂರ್ಯ ಮುಳುಗಿ ಸುಮಾರು 25 ನಿಮಿಷದವರೆಗೆ ಅಂಥ ಬಲೂನು ಬೆಳ್ಳಗೆ ಹೊಳೆದು, ಕೆಂಪಾಗಿ, ಆರಿಹೋಗುತ್ತದೆ.

ಸೆಕೆಂಡುಗಳಲ್ಲಿ ಮುಗಿದರೆ ಉಲ್ಕೆ. ಅರ್ಧ ನಿಮಿಷದಿಂದ ಒಂದೆರಡು ನಿಮಿಷ, ಅಡ್ಡಡ್ಡವಾಗಿ, ತುಂಡುತುಂಡಾಗಿ ಉರಿಯುತ್ತ ಹೋದರೆ ಭೂಮಿಗೆ ಮರಳಿ ಬೀಳುತ್ತಿರುವ ರಾಕೆಟ್ಟಿನ ಅವಶೇಷ. 2022ರ ಏಪ್ರಿಲ್ 2, ಯುಗಾದಿಯ ಸಂಜೆ, ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳಲ್ಲಿ ಕಂಡದ್ದು ಚೀನಾದ ಚಾಂಗ್‌ಝೆಂಗ್ 3ಬಿ ರಾಕೆಟ್ಟಿನ ಒಂದು ಹಂತ. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದು ಸಿಕ್ಕಿತು. ಇಂಥದ್ದು ನಿಮ್ಮ ಊರಿನಲ್ಲಿ ಬಿದ್ದರೆ ಮುಟ್ಟಬೇಡಿ, ವಿಷದ ಇಂಧನ ಉಳಿದಿರಬಹುದು, ಪೊಲೀಸರಿಗೆ ತಿಳಿಸಿ.

ಬೆಂಕಿಯುಂಡೆಯಂಥ ಉಲ್ಕೆ ಕಂಡವರೆಲ್ಲ "ಆ ಗುಡ್ಡದ ಹಿಂದೆಯೇ ಬಿತ್ತು" ಎನ್ನುತ್ತಾರೆ. 90 ಕಿ.ಮೀ. ಎತ್ತರದಲ್ಲಿ ಉರಿಯುವ ಉಲ್ಕೆ ದಿಗಂತದಿಂದ ಒಂದು ಮುಷ್ಟಿ ಮೇಲೆ ಕಂಡಿತೆಂದರೆ, ಅದು 400 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಸದ್ದು ಕೇಳಿಸಿತಾ, ಬೆಳಕಿನ ಜೊತೆಗೋ ನಿಮಿಷಗಳ ನಂತರವೋ ಎಂದು ಮರೆಯದೆ ಕೇಳಿ. ಅಷ್ಟು ಎತ್ತರದಿಂದ ಸದ್ದು ಇಳಿದು ಬರಲು ನಾಲ್ಕೈದು ನಿಮಿಷ ಬೇಕು. ಎರಡು ಊರಿನವರ ದಿಕ್ಕುಗಳು ಸಿಕ್ಕರೆ ನಕ್ಷೆಯ ಮೇಲೆ ಗೆರೆ ಎಳೆಯಿರಿ. ಗೆರೆಗಳು ಕೂಡಿದ ಕಡೆ ನಿಜವಾದ ಜಾಗ.

ತುಂಡುಗಳ ಬಗ್ಗೆ ಇನ್ನೊಂದು ಮಾತು. 1968ರ ಮಾರ್ಚ್ 3ರಂದು ಸೋವಿಯತ್ ಒಕ್ಕೂಟದ ಜೋಂಡ್-4 ನೌಕೆಯ ಉಡಾವಣೆಯ ಅವಶೇಷ ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತ ಸಾಗಿತು. ನೋಡಿದವರಲ್ಲಿ ಕೆಲವರು ಬಿಡಿಬಿಡಿ ಉರಿಯುವ ತುಂಡುಗಳೆಂದೇ ಬರೆದರು. ಇನ್ನು ಕೆಲವರು ಸಾಲು ಕಿಟಕಿಗಳಿದ್ದ ಉದ್ದನೆಯ ಒಂದೇ ವಾಹನ, ಬಲು ಕೆಳಗೆ ಹಾರಿತು ಎಂದರು. ಬಿಡಿ ಚುಕ್ಕೆಗಳ ನಡುವಿನ ಕತ್ತಲನ್ನು ಮನಸ್ಸು ಮೈಯಾಗಿ ತುಂಬಿಕೊಂಡಿತ್ತು. ತ್ರಿಕೋನ, ತಟ್ಟೆ, ಹಡಗು ಎಂಬ ಮಾತು ಬಂದಾಗಲೆಲ್ಲ "ದೀಪಗಳ ನಡುವೆ ಹಿಂದಿನ ನಕ್ಷತ್ರ ಕಾಣ್ತಿತ್ತಾ?" ಎಂದು ನಾನು ಕೇಳುವುದು ಇದರಿಂದ.

ನೆಲದ ದೀಪಗಳನ್ನು ಬಿಡಬೇಡಿ

ದಿಗಂತಕ್ಕೆ ತಾಗಿಕೊಂಡಿದ್ದ ಬೆಳಕಾದರೆ ಹಗಲಿನಲ್ಲಿ ಇನ್ನೊಮ್ಮೆ ಹೋಗಿ ಆ ದಿಕ್ಕಿನಲ್ಲಿ ಏನಿದೆ ನೋಡಿ. ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿಯಂತ್ರಗಳ ಮೇಲೆ ಕೆಂಪು ದೀಪ ಮಿಟುಕುತ್ತವೆ. ಘಟ್ಟದ ತಿರುವುಗಳಲ್ಲಿ ಲಾರಿಯ ದೀಪ ಕ್ಷಣ ಕಂಡು ಮಾಯವಾಗಿ ಇನ್ನೊಂದು ಕಡೆ ಹುಟ್ಟುತ್ತದೆ. ಕರಾವಳಿಯಲ್ಲಿ ಮೀನುದೋಣಿಗಳ ದೀಪ. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾರ್ಫಾ ಬೆಳಕು ಎಂದು ಬಹುಕಾಲದಿಂದ ಹೆಸರಾದದ್ದನ್ನು 2004ರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷಿಸಿದಾಗ, ಆ ದಿಕ್ಕಿನಲ್ಲಿ ಕಂಡ ಬೆಳಕುಗಳು ಹೆದ್ದಾರಿಯ ವಾಹನಗಳಿಗೆ ಹೊಂದಿಬಂದವು. ಒಬ್ಬರು ಹೆದ್ದಾರಿಯಲ್ಲಿ ಕಾರಿನ ದೀಪ ಹಾಕಿ ಆರಿಸುವುದು, ಇನ್ನೊಬ್ಬರು ಇಲ್ಲಿ ನಿಂತು ನೋಡುವುದು: ಇದನ್ನು ನಾವೂ ಎರಡು ಫೋನು, ಒಂದು ಬೈಕಿನಲ್ಲಿ ಮಾಡಬಹುದು. ಆಸ್ಟ್ರೇಲಿಯಾದ ಬಯಲಿನಲ್ಲಿ ರಾತ್ರಿ ತೇಲುವಂತೆ ಕಾಣುವ ಮಿನ್ ಮಿನ್ ಬೆಳಕನ್ನು ಅಲ್ಲಿನ ವಿಜ್ಞಾನಿ ಜಾಕ್ ಪೆಟಿಗ್ರೂ 2003ರಲ್ಲಿ ವಿವರಿಸಿದ್ದು ಹೀಗೆ: ತಂಪು ರಾತ್ರಿ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಇದ್ದಾಗ, ದಿಗಂತದ ಆಚೆ ಅಡಗಿರಬೇಕಾದ ವಾಹನದ ದೀಪವೂ ಬಾಗಿ ಬಂದು ತೇಲಿದಂತೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಚಳಿಗಾಲದ ರಾತ್ರಿಗಳೂ ಅಂಥವೇ. ಅಜ್ಜಿಯರ ಕೊಳ್ಳಿದೆವ್ವದ ಮಾತು ಬಂದರೂ ಗೌರವದಿಂದಲೇ ಬರೆದುಕೊಳ್ಳಿ. ಎಲ್ಲಿ, ಯಾವ ಕಾಲದಲ್ಲಿ, ಯಾವ ಗದ್ದೆಯ ಕಡೆ ಎಂಬ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ.

ಹೊಂದದೆ ಉಳಿದರೆ

ಉಳಿಯಲಿ ಬಿಡಿ. ಗುರುತು ಸಿಗದ ಹಾರುವ ವಸ್ತುಗಳ ತನಿಖೆಗೆಂದು ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ ಪ್ರಾಜೆಕ್ಟ್ ಬ್ಲೂ ಬುಕ್‌ನ ಕಡತದಲ್ಲಿ ಒಟ್ಟು 12,618 ವರದಿಗಳು, ಗುರುತು ಸಿಗದೆ ಉಳಿದದ್ದು 701. ಬೆಳಕು ಹೊಂದದೆ ಉಳಿಯುವುದು ಎಷ್ಟೋ ಸಲ ಮಾಹಿತಿ ಸಾಲದೆ. ನಿಜವಾಗಿ ಬೆರಗು ಹುಟ್ಟಿಸುವಂಥವೂ ಇವೆ. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ 1981ರ ಕೊನೆಯಿಂದ 1984ರವರೆಗೆ ಕೆಲವು ವಾರ ಹದಿನೈದು ಇಪ್ಪತ್ತು ಸಲ ಬೆಳಕು ಕಾಣುತ್ತಿತ್ತು. 1983ರಲ್ಲಿ ಅಧ್ಯಯನ ಶುರುವಾಯಿತು, 1998ರಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕೇಂದ್ರ ನಿಂತಿತು. ಕೆಲವು ವಾಹನ, ವಿಮಾನಗಳ ದೀಪವೆಂದು ತಿಳಿಯಿತು, ಕೆಲವಕ್ಕೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಇಲ್ಲ. ಹೊಂದದ ಬೆಳಕಿಗೆ ಬಲವಂತದಿಂದ ಶುಕ್ರನ ಹೆಸರು ಹಚ್ಚುವುದೂ ತಪ್ಪು, ಅನ್ಯಗ್ರಹದ ಹೆಸರು ಹಚ್ಚುವುದೂ ತಪ್ಪು. ಏನೇನು ಪರೀಕ್ಷಿಸಿದಿರಿ, ಯಾವುದು ಏಕೆ ಹೊಂದಲಿಲ್ಲ ಎಂದು ಬರೆದಿಡಿ. ನಾಳೆ ಇನ್ನೊಬ್ಬರಿಗೆ ಅದೇ ದಾರಿ. ಸಾಕ್ಷಿಯ ಹೆಸರು, ಫೋನ್ ನಂಬರು ನಿಮ್ಮ ಪುಸ್ತಕದಾಚೆ ಹೋಗಬಾರದು.

ಮರಳಿ ಹೋಗಿ ಹೇಳುವುದು

ಎಷ್ಟೋ ಜನ ಬಿಟ್ಟುಬಿಡುವ ಹಂತ ಇದು. ಮಾತು ಕೊಟ್ಟವರಿಗೆ ಉತ್ತರ ತಲುಪಬೇಕು, ಅದೂ ಅವರ ಮುಖ ಸಣ್ಣದಾಗದಂತೆ. "ನೀವು ನೋಡಿದ್ದು ಬರೀ ನಕ್ಷತ್ರ" ಎಂದರೆ ಮುಂದೆ ಅವರು ಯಾರಿಗೂ ಏನೂ ಹೇಳುವುದಿಲ್ಲ.

ಆ ರೈತರಿಗೆ ನಾನು ಲುಬ್ಧಕ ಎಂಬ ಹೆಸರನ್ನೇ ಎತ್ತಲಿಲ್ಲ. ಬೆಳಕು ಗುಡ್ಡದ ಅಂಚು ಬಿಟ್ಟು ಮೇಲೆ ಬಂದ ನಿಮಿಷವನ್ನು, ಒಂದೇ ಜಾಗದಲ್ಲಿ ನಿಂತು, ಒಂದು ವಾರ ಬರೆದಿಡಲು ಕೇಳಿಕೊಂಡೆ. ಹೇಗೂ ಮೋಟರ್ ಹಾಕಲು ಹೋಗುತ್ತಿದ್ದರು. ಮೊದಲ ರಾತ್ರಿ 12 ಗಂಟೆ 10 ನಿಮಿಷ. ಎಂಟನೇ ರಾತ್ರಿ ಅವರೇ ಫೋನ್ ಮಾಡಿದರು, 11 ಗಂಟೆ 42.

"ದಿನಾ ನಾಕು ನಿಮಿಷ ಮುಂಚೆ ಬರ್ತೈತೆ ಸಾ, ತಪ್ಪಂಗಿಲ್ಲ. ಡ್ರೋನ್ ಅಲ್ಲ ಇದು. ಚುಕ್ಕಿ."

ಹೌದಣ್ಣ, ಲುಬ್ಧಕ ಅಂತಾರೆ ಅದಕ್ಕೆ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಬರೀ ಮೋಟರಿನ ಸದ್ದು. ಆಮೇಲೆ ಕೇಳಿದರು:

"ಅದರ ಮ್ಯಾಲುಕ್ಕೆ, ಎಡಗಡೆಗೆ, ಮೂರು ಚುಕ್ಕಿ ಸಾಲಾಗಿ ನಿಂತವಲ್ಲ. ಅವ್ಯಾವು?"